ಕಚೇರಿ ಒರೆಸಲು ಓಝೋನ್ ನೀರಿನ ಯಂತ್ರ ತರಿಸುವವರು ಓದಬೇಕಾದ ವಿಚಾರ

ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಮೇಜು, ಬಾಗಿಲ ಹಿಡಿಕೆ, ಲಿಫ್ಟ್ ಗುಂಡಿ, ಪ್ಯಾಂಟ್ರಿ ಕಟ್ಟೆ, ನೆಲ ಎಲ್ಲವನ್ನೂ ದಿನವೂ ಓಝೋನ್ ನೀರಿನಿಂದಲೇ ಒರೆಸಬೇಕೆಂದು ತೀರ್ಮಾನವಾಗಿ, ಯಂತ್ರವೊಂದು ತಿಂಗಳ ಬಾಡಿಗೆಯ ಮೇಲೆ ಬಂತು. ಕಟ್ಟಡದ ನಿರ್ವಹಣೆ ನನ್ನ ಪಾಲಿನ ಕೆಲಸವಾದ್ದರಿಂದ, ಅದನ್ನು ಗೋಡೆಗೆ ಕೂರಿಸಿದಂದಿನಿಂದ ಕಳಚಿಸುವವರೆಗೂ ನಡೆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಮಾರಿದವರ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಇದೇ ಬಗೆಯ ಯಂತ್ರಗಳನ್ನು ಇದೇ ಮಾತುಗಳಿಂದ ಮಾರುವವರು ಹಲವರಿದ್ದಾರೆ.

ಅವರ ಮಾತಿನಲ್ಲಿ ಸುಳ್ಳು ಕಡಿಮೆ ಇತ್ತು, ಬಿಟ್ಟುಹೋದದ್ದು ಹೆಚ್ಚಿತ್ತು. ನಲ್ಲಿ ನೀರಿಗೆ ವಿದ್ಯುತ್ ಹಾಯಿಸಿ ಓಝೋನ್ ಎಂಬ ಅನಿಲವನ್ನು ಉಂಟುಮಾಡಲಾಗುತ್ತದೆ, ಅದು ಸೂಕ್ಷ್ಮಜೀವಿಗಳನ್ನು ಕೊಂದು ಮತ್ತೆ ಆಮ್ಲಜನಕವಾಗುತ್ತದೆ, ರಾಸಾಯನಿಕದ ಶೇಷ ಉಳಿಯುವುದಿಲ್ಲ ಎಂದರು. ಇದು ನಿಜ. ಫ್ರಾನ್ಸಿನ ನೀಸ್ ನಗರ 1906ರಿಂದಲೇ ಕುಡಿಯುವ ನೀರಿನ ಶುದ್ಧೀಕರಣಕ್ಕೆ ಓಝೋನನ್ನು ಬಳಸಿದೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2001ರಲ್ಲಿ ಆಹಾರ ಸಂಸ್ಕರಣೆಯಲ್ಲಿ ಇದರ ಬಳಕೆಗೆ ಅನುಮತಿ ಕೊಟ್ಟಿದೆ. ಆದರೆ ಅಂಥ ಕಡೆಗಳಲ್ಲಿ ಓಝೋನಿನ ಪ್ರಮಾಣವನ್ನು ಅಳೆಯುವವರಿರುತ್ತಾರೆ, ಹೊರಬಂದ ಅನಿಲವನ್ನು ಸೆಳೆದು ನಾಶಪಡಿಸುವ ಏರ್ಪಾಡಿರುತ್ತದೆ. ಗಾಜಿನ ಗೋಡೆಗಳ ನಡುವೆ ಕಿಟಕಿ ತೆರೆಯಲಾಗದ ನಮ್ಮಂಥ ಕಚೇರಿಯಲ್ಲಿ ಇರುವುದು ಒಂದು ಬಕೆಟ್, ಕೆಲವು ಸ್ಪ್ರೇ ಬಾಟಲಿಗಳು ಮತ್ತು ಅವನ್ನು ಹಿಡಿದು ಓಡಾಡುವ ಹೌಸ್‌ಕೀಪಿಂಗ್ ಸಿಬ್ಬಂದಿ ಮಾತ್ರ.

ಮೊದಲು ತೊಂದರೆ ಕಾಣಿಸಿಕೊಂಡದ್ದೂ ಅವರಿಗೇ. ಯಂತ್ರವನ್ನು ಪೊರಕೆ, ಮಾಪ್, ಬಕೆಟ್ ಇಡುವ ಸಣ್ಣ ಕೋಣೆಯಲ್ಲಿ ಕೂರಿಸಿದ್ದರು. ಹೆಚ್ಚಿನ ಕಚೇರಿಗಳಲ್ಲಿರುವಂತೆ ನಮ್ಮಲ್ಲೂ ಸಿಬ್ಬಂದಿ ಬಟ್ಟೆ ಬದಲಿಸುವುದು, ಊಟದ ಡಬ್ಬಿ ಇಡುವುದು, ಮಧ್ಯಾಹ್ನ ಕುಳಿತು ಉಣ್ಣುವುದು ಎಲ್ಲವೂ ಅದೇ ಕೋಣೆಯಲ್ಲಿ. ಕೆಲವು ವಾರಗಳಲ್ಲೇ ಅಲ್ಲಿನ ಹೆಂಗಸೊಬ್ಬರು, "ಸಾರ್, ಬಕೆಟ್ ತುಂಬಿಸೋವಾಗ ಗಂಟಲು ಕೆರೆಯುತ್ತೆ, ಎದೆ ಹಿಡಿದ ಹಾಗಾಗುತ್ತೆ" ಎಂದರು. ಮೊದಲೇ ಉಬ್ಬಸವಿದ್ದ ಇನ್ನೊಬ್ಬರು ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು. ಮಾರಾಟದವರಿಗೆ ತಿಳಿಸಿದಾಗ ಬಂದ ಉತ್ತರ, ಅದು ಶುಚಿತ್ವದ ವಾಸನೆ, ಮಿಂಚು ಹೊಡೆದ ಮೇಲೆ ಗಾಳಿಯಲ್ಲಿ ಬರುವಂಥದ್ದೇ, ಅಭ್ಯಾಸವಾಗುತ್ತದೆ ಎಂದಾಗಿತ್ತು. ಓಝೋನಿನ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ ಎಂಬುದೇನೋ ಸರಿ. ಶ್ವಾಸಕೋಶ ಹಾಗೆ ಒಗ್ಗಿಕೊಂಡು ಸುಮ್ಮನಾಗುತ್ತದೆ ಎಂದು ಯಾವ ವೈದ್ಯರೂ ಹೇಳಲಾರರು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು, ಏಕೆಂದರೆ ಮಾರಾಟದ ಕರಪತ್ರದಲ್ಲಿ ಈ ಲೆಕ್ಕ ಇರುವುದಿಲ್ಲ. ಓಝೋನ್ ನೀರಿನಲ್ಲಿ ಚೆನ್ನಾಗಿ ಕರಗುವ ಅನಿಲವಲ್ಲ, ನಲ್ಲಿಯಿಂದ ನೀರು ಬಿದ್ದು ನೊರೆಯೆದ್ದಾಗ ಅದರ ಒಂದು ಪಾಲು ಅಲ್ಲೇ ಗಾಳಿಗೆ ಸೇರುತ್ತದೆ. ನೀರಿನಲ್ಲಿ ಓಝೋನ್ 2 ಪಿಪಿಎಂ ಇರುತ್ತದೆಂದು ಮಾರಾಟದವರು ಹೇಳಿದ್ದರು. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ನೀರಿನಲ್ಲಿ 2 ಪಿಪಿಎಂ ಎಂದರೆ ಲೀಟರಿಗೆ 2 ಮಿಲಿಗ್ರಾಂ, ಹತ್ತು ಲೀಟರಿನ ಬಕೆಟ್ಟಿಗೆ 20 ಮಿಲಿಗ್ರಾಂ. ಕೆಲಸದ ಸ್ಥಳದ ಗಾಳಿಯಲ್ಲಿ ಎಂಟು ಗಂಟೆಯ ಸರಾಸರಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಒಪ್ಪುವ ಮಿತಿ 0.1 ಪಿಪಿಎಂ, ಅಂದರೆ ಘನ ಮೀಟರಿಗೆ ಸುಮಾರು 0.2 ಮಿಲಿಗ್ರಾಂ. ಐದಡಿ ಆರಡಿಯ ನಮ್ಮ ಕೋಣೆಯ ಗಾಳಿ ಸುಮಾರು ಏಳು ಘನ ಮೀಟರ್. ಬಕೆಟ್ಟಿನ ಓಝೋನಿನಲ್ಲಿ ಕಾಲು ಭಾಗ ಹೊರಬಂದರೂ ಅಲ್ಲಿನ ಗಾಳಿ ಆ ಹೊತ್ತಿಗೆ ಈ ಅಂಕಿಯ ಮೂರು ಪಟ್ಟನ್ನು ದಾಟುತ್ತದೆ. ನೀರಿನಲ್ಲಿ ಎರಡು ಪಿಪಿಎಂ "ಅತ್ಯಲ್ಪ" ಎಂದು ಮಾರಾಟದವರು ನಗುತ್ತಾ ಹೇಳಿದ್ದರು. ನೀರಿನ ಪಿಪಿಎಂ ಬೇರೆ, ಗಾಳಿಯ ಪಿಪಿಎಂ ಬೇರೆ ಎಂಬುದನ್ನು ಹೇಳುವ ಗೋಜಿಗೆ ಹೋಗಲಿಲ್ಲ.

ವಿಶಾಲವಾದ ಹಾಲ್‌ನಲ್ಲಿ ಬಟ್ಟೆ ಒದ್ದೆ ಮಾಡಿ ಒರೆಸಿದರೆ ಇಷ್ಟು ಅಪಾಯವಿಲ್ಲ, ಅದನ್ನೂ ಹೇಳಬೇಕು. ಆದರೆ ಮುಚ್ಚಿದ ಮೀಟಿಂಗ್ ರೂಮಿನಲ್ಲಿ ಸ್ಪ್ರೇ ಮಾಡಿದಾಗ ಹನಿಗಳು ಸಣ್ಣದಾದಷ್ಟೂ ಅನಿಲ ಬೇಗ ಹೊರಬರುತ್ತದೆ, ಅದೂ ಸ್ಪ್ರೇ ಹಿಡಿದವರ ಮುಖದ ಹತ್ತಿರವೇ. ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ.

ಇಷ್ಟೆಲ್ಲ ಸಹಿಸಿದ್ದಕ್ಕೆ ಶುಚಿತ್ವವಾದರೂ ದಕ್ಕಿತೇ ಎಂದರೆ ಅದೂ ಇಲ್ಲ. ನಮ್ಮಲ್ಲಿ ಬೆಳಿಗ್ಗೆ ಏಳಕ್ಕೆ ಬಾಟಲಿಗಳನ್ನೆಲ್ಲ ಒಮ್ಮೆಗೇ ತುಂಬಿಸಿಟ್ಟು ಮಧ್ಯಾಹ್ನದವರೆಗೆ ಬಳಸುತ್ತಿದ್ದರು. ಶುದ್ಧ ನೀರಿನಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ, ಕರಗಿದ ಓಝೋನ್ ಅರ್ಧಕ್ಕಿಳಿಯಲು ಸುಮಾರು 20 ನಿಮಿಷ ಸಾಕು. ನೀರು ಬೆಚ್ಚಗಿದ್ದರೆ, ಅದರಲ್ಲಿ ಕಬ್ಬಿಣದ ಅಂಶವೋ ಕೊಳೆಯೋ ಇದ್ದರೆ ಇನ್ನೂ ಬೇಗ. ನಮ್ಮ ಕಟ್ಟಡಕ್ಕೆ ಬರುವುದು ಅರ್ಧ ಕಾವೇರಿ, ಅರ್ಧ ಬೋರ್‌ವೆಲ್ಲಿನ ಟ್ಯಾಂಕರ್ ನೀರು. ಓಝೋನ್ ಅಳೆಯುವ ಪರೀಕ್ಷಾ ಪಟ್ಟಿಗಳನ್ನು ತರಿಸಿ ಅದ್ದಿ ನೋಡಿದಾಗ ನಲ್ಲಿಯ ಬುಡದಲ್ಲಿ ಬಣ್ಣ ಬಂತು, ಒಂಬತ್ತರ ಹೊತ್ತಿಗೆ ಬಾಟಲಿಯ ನೀರಿನಲ್ಲಿ ಬಣ್ಣವೇ ಏರಲಿಲ್ಲ. ಮುಚ್ಚಳ ತೆರೆದಿಟ್ಟ ಸೋಡಾದಂತೆ ಸತ್ವ ಹೋಗಿ ನೀರು ಉಳಿದಿತ್ತು. ಜನ ಬಂದು ಕುಳಿತು ಮೇಜು ಮುಟ್ಟುವ ಹೊತ್ತಿಗೆಲ್ಲ ಸಿಬ್ಬಂದಿ ಬರೀ ನೀರಿನಿಂದ ಒರೆಸುತ್ತಿದ್ದರು. ಗಟ್ಟಿಯಾಗಿದ್ದಾಗ ಉಸಿರಿಗೆ ಕಷ್ಟ, ಉಸಿರಿಗೆ ಹಿತವಾದಾಗ ಕೆಲಸಕ್ಕೆ ಬಾರದು. ಈ ಯಂತ್ರದ ತೊಡಕೆಲ್ಲ ಇದೇ, ಮತ್ತು ಇದು ಯಾವ ಕಂಪನಿಯ ಯಂತ್ರಕ್ಕೂ ತಪ್ಪಿದ್ದಲ್ಲ.

ಓಝೋನ್ ನೀರು ಸೋಪಲ್ಲ ಎಂಬುದೂ ನಿತ್ಯದ ಬಳಕೆಯಲ್ಲಿ ಗೊತ್ತಾಯಿತು. ಕೈಯ ಎಣ್ಣೆ ಜಿಡ್ಡು, ಕಾಫಿ ಲೋಟದ ಸಕ್ಕರೆ ಗುರುತು, ಪ್ಯಾಂಟ್ರಿ ಕಟ್ಟೆಯ ಒಗ್ಗರಣೆ ಪಸೆ ಇವನ್ನು ಎಬ್ಬಿಸುವ ಗುಣ ಅದಕ್ಕಿಲ್ಲ. ಸಾಲದ್ದಕ್ಕೆ ಆ ಕೊಳೆಯೇ ಓಝೋನನ್ನು ಖರ್ಚು ಮಾಡಿಬಿಡುವುದರಿಂದ ಸೂಕ್ಷ್ಮಜೀವಿಗಳ ಪಾಲಿಗೆ ಉಳಿಯುವುದು ಅಲ್ಪ. ಮಾರಾಟದವರು ಕೊಟ್ಟ ಪ್ರಯೋಗಾಲಯದ ವರದಿಯನ್ನು ತೆರೆದು ನೋಡಿದರೆ, ಪರೀಕ್ಷೆ ನಡೆದದ್ದು ಶುದ್ಧ ನೀರಿನಲ್ಲಿ ತೇಲಿಬಿಟ್ಟ ಬ್ಯಾಕ್ಟೀರಿಯಾಗಳ ಮೇಲೆ, ಜಿಡ್ಡು ಹಿಡಿದ ಮೇಜಿನ ಮೇಲಲ್ಲ. ಮೇಜುಗಳು ಅಂಟಂಟಾಗತೊಡಗಿದಾಗ ಸಿಬ್ಬಂದಿ ಯಾರಿಗೂ ಹೇಳದೆ ನಿಂಬೆ ಪರಿಮಳದ ಲಿಕ್ವಿಡ್ ಬೆರೆಸಲು ತೊಡಗಿದರು. ಅವರನ್ನು ದೂರುವಂತಿಲ್ಲ, ಮೇಜು ಶುಚಿಯಾಗದಿದ್ದರೆ ಬೈಗುಳ ಕೇಳುವವರು ಅವರು. ಆದರೆ ನಿಂಬೆ, ಕಿತ್ತಳೆ ಪರಿಮಳದಲ್ಲಿರುವ ಲಿಮೊನೀನ್ ಓಝೋನಿನ ಜೊತೆ ಸೇರಿದಾಗ ಫಾರ್ಮಾಲ್ಡಿಹೈಡ್ ಮತ್ತು ಅತಿ ಸೂಕ್ಷ್ಮ ಕಣಗಳು ಹುಟ್ಟುತ್ತವೆ. "ರಾಸಾಯನಿಕ ಮುಕ್ತ" ಎಂದು ಬರೆದ ಯಂತ್ರದ ಪಕ್ಕದಲ್ಲೇ ಇದೂ ನಡೆಯುತ್ತಿತ್ತು.

ಗಾಜು ಒರೆಸುವ ವೈಪರಿನ ರಬ್ಬರ್ ಬಿರುಕು ಬಿಟ್ಟಿತು, ರಬ್ಬರ್ ಕೈಗವಸುಗಳು ಬೇಗ ಹರಿಯತೊಡಗಿದವು. ಸಹಜ ರಬ್ಬರಿಗೆ ಓಝೋನ್ ಆಗಿಬರುವುದಿಲ್ಲ ಎಂಬುದು ಟಯರ್ ಉದ್ಯಮದವರಿಗೆ ಹಳೆಯ ವಿಷಯ.

ಕರಪತ್ರದ ಮೂಲೆಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಂಖ್ಯೆಯೊಂದು ದಪ್ಪಕ್ಷರದಲ್ಲಿತ್ತು, ನಮ್ಮಲ್ಲಿ ಹಲವರು ಅದನ್ನು ಮಂಜೂರಾತಿಯೆಂದೇ ತಿಳಿದಿದ್ದರು. ಅದು ಯಂತ್ರ ತಯಾರಾಗುವ ಘಟಕದ ನೋಂದಣಿ ಸಂಖ್ಯೆ. ಸೋಂಕುನಿವಾರಕ ದ್ರಾವಣಗಳ ಪರಿಣಾಮವನ್ನು ಮಾರಾಟಕ್ಕೆ ಮುನ್ನ ಪರಿಶೀಲಿಸುವ ಆ ಸಂಸ್ಥೆ, ಇಂಥ ಯಂತ್ರಗಳನ್ನು "ಉಪಕರಣ"ಗಳೆಂದು ಬೇರೆಯಾಗಿ ಇಟ್ಟಿದೆ, ಅವುಗಳ ಪರಿಣಾಮವನ್ನು ಹಾಗೆ ಪರಿಶೀಲಿಸಿ ನೋಂದಾಯಿಸುವುದಿಲ್ಲ.

ಈಗ ನಮ್ಮಲ್ಲಿ ನಿತ್ಯದ ಒರೆಸುವಿಕೆಗೆ ತೆಳು ಸೋಪಿನ ನೀರು ಮತ್ತು ಮೈಕ್ರೋಫೈಬರ್ ಬಟ್ಟೆ, ಶೌಚಾಲಯಕ್ಕೆ ಮಾತ್ರ ಸೋಂಕುನಿವಾರಕ. ಯಂತ್ರವನ್ನು ಹಿಂದಿರುಗಿಸುವುದು ಮಾತ್ರ ಸುಲಭವಾಗಲಿಲ್ಲ. ಟ್ಯಾಂಕರ್ ನೀರಿನ ಗಡಸುತನದಿಂದ ಒಳಗಿನ ವಿದ್ಯುತ್ ಫಲಕಕ್ಕೆ ಸುಣ್ಣದ ಪದರ ಕಟ್ಟಿತ್ತು, ಗಡಸು ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲವೆಂಬ ಸಾಲು ಕರಾರಿನ ಕೊನೆಯ ಪುಟದಲ್ಲಿತ್ತು, ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಬಾಡಿಗೆಯ ಒಂದು ಪಾಲನ್ನು ಕಟ್ಟಬೇಕೆಂಬ ಸಾಲೂ ಅಲ್ಲೇ ಇತ್ತು. ನೀವು ಇನ್ನೂ ಸಹಿ ಮಾಡಿಲ್ಲವಾದರೆ ಆ ಪುಟವನ್ನು ಮೊದಲು ಕೇಳಿ ಪಡೆಯಿರಿ. ನಂತರ ಯಂತ್ರ ಕೂರುವ ಕೋಣೆಯಲ್ಲಿ ಬಕೆಟ್ ತುಂಬಿಸುವಾಗ ಗಾಳಿಯ ಓಝೋನ್ ಎಷ್ಟಿರುತ್ತದೆಂದು ಅವರೇ ಅಳೆದು, ಅಂಕಿಯನ್ನು ಬರೆದು, ಕೆಳಗೆ ಸಹಿ ಹಾಕಿ ಕೊಡಲಿ.