ಕೋನ್ ಫಿಲ್ಟರ್ ಹಾಕಿಸುವ ಮುಂಚೆ ಇದನ್ನ ಓದಿ, ನನಗೆ ಕೊಟ್ಟ ಡೈನೋ ಶೀಟ್ ನನ್ನ ಕಾರಿನದ್ದೇ ಅಲ್ಲ

ಇದನ್ನ ಬರೆಯಬೇಕು ಅಂತ ಮೂರು ದಿನದಿಂದ ಅಂದುಕೊಳ್ಳುತ್ತಿದ್ದೆ. ನಾಚಿಕೆಯಾಗಿ ಸುಮ್ಮನಿದ್ದೆ. ಇವತ್ತು ಬೆಳಗ್ಗೆ ನನ್ನ ಕಾರಿಗೆ ಕೋನ್ ಫಿಲ್ಟರ್ ಹಾಕಿ, ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ಶೀಟ್ ಕೊಟ್ಟ ಅಂಗಡಿಯವನು ಇನ್ಯಾರದ್ದೋ ಕಾರಿಗೆ ಅದೇ ಕಿಟ್ ಹಾಕಿ "15 ಎಚ್‌ಪಿ ಗ್ಯಾರಂಟಿ" ಅಂತ ಸ್ಟೇಟಸ್ ಹಾಕಿದ್ದಾನೆ. ಅದನ್ನ ನೋಡಿದ ಮೇಲೆ ತಡೆಯೋಕೆ ಆಗಲಿಲ್ಲ.

ನನ್ನದು ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರು. ಪಿಕಪ್ ಸ್ವಲ್ಪ ಜಾಸ್ತಿ ಇದ್ದರೆ ಚೆನ್ನಾಗಿರುತ್ತೆ ಅಂತ ಆಸೆ, ಅಷ್ಟೇ. ಕಂಪನಿಯ ಏರ್ ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬ) ತೆಗೆದು, ಅಗಲದ ಪೈಪು, ಅದರ ತುದಿಗೆ ಎಣ್ಣೆ ಹಚ್ಚಿದ ಕೋನ್ ಫಿಲ್ಟರ್ ಹಾಕಿದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತೆ, 15 ಎಚ್‌ಪಿ ಬರುತ್ತೆ ಅಂದರು. "ಡೈನೋ ಮೇಲೆ ಹತ್ತಿಸಿ ಮುಂಚಿನದು, ಆಮೇಲಿನದು ಎರಡೂ ಶೀಟ್ ಕೊಡ್ತೀವಿ ಸರ್, ಸುಮ್ನೆ ಬಾಯಿಮಾತಲ್ಲ" ಅಂದರು. ಆ ಮಾತಿಗೇ ನಾನು ಒಪ್ಪಿದ್ದು.

ಬೆಳಗ್ಗೆ ಕಾರು ಬಿಟ್ಟೆ, ಸಂಜೆ ಕೀ ಕೊಟ್ಟರು. ಜೊತೆಗೆ ಲ್ಯಾಮಿನೇಟ್ ಮಾಡಿದ ಗ್ರಾಫ್. ನೀಲಿ ಗೆರೆ ಮುಂಚಿನದು, ಕೆಂಪು ಗೆರೆ ಆಮೇಲಿನದು. ಕೆಂಪು ಗೆರೆ ಮೇಲಿತ್ತು, ಅಷ್ಟು ನೋಡಿ ಖುಷಿಯಾದೆ. ಆಕ್ಸಿಲರೇಟರ್ ಒತ್ತಿದರೆ ಗೊರ್ ಅಂತ ಸದ್ದು. ಸದ್ದು ಜಾಸ್ತಿ ಆದರೆ ಕಾರು ಜೋರಾಗಿ ಹೋಗ್ತಾ ಇದೆ ಅಂತಲೇ ಅನಿಸುತ್ತೆ. ಒಂದು ವಾರ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಎರಡನೇ ವಾರದಿಂದ ಟ್ರಾಫಿಕ್‌ನಲ್ಲಿ ಕಾರು ಎಳೆಯುತ್ತಲೇ ಇರಲಿಲ್ಲ. ಸಿಗ್ನಲ್ ಬಿಟ್ಟ ಮೇಲೆ ಎರಡನೇ ಗೇರ್‌ನಲ್ಲಿ ಸತ್ತ ಹಾಗೆ ಹೋಗುತ್ತಿತ್ತು. ಗೆಳೆಯನ ಓಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರ್‌ಗಳ ಅಂಕಿ ತೋರಿಸುವ ಸಾಧನ) ಹಾಕಿ ನೋಡಿದೆವು. ಎಂಜಿನ್ ಒಳಗೆ ಎಳೆದುಕೊಳ್ಳುತ್ತಿದ್ದ ಗಾಳಿಯ ತಾಪ 62 ಡಿಗ್ರಿ! ಅವನದೂ ಅದೇ ಮಾಡೆಲ್ ಕಾರು, ಕಂಪನಿ ಏರ್ ಬಾಕ್ಸ್ ಹಾಗೇ ಇದೆ, ಅದೇ ಟ್ರಾಫಿಕ್‌ನಲ್ಲಿ 38 ಡಿಗ್ರಿ. ಕಂಪನಿಯ ಬಾಕ್ಸ್ ಮುಂದಿನ ಗ್ರಿಲ್ ಹತ್ತಿರದಿಂದ ಹೊರಗಿನ ತಣ್ಣಗಿನ ಗಾಳಿ ತಗೊಳ್ಳುತ್ತೆ. ಇವರು ಹಾಕಿದ ಕೋನ್ ಬಾನೆಟ್ ಒಳಗೆ, ಎಂಜಿನ್ ಪಕ್ಕದಲ್ಲೇ ಕೂತಿದೆ, ಬಿಸಿ ಗಾಳಿಯನ್ನೇ ಕುಡಿಯುತ್ತೆ. ಬಿಸಿ ಗಾಳಿ ತೆಳು. 38ರಿಂದ 62ಕ್ಕೆ ಹೋದರೆ ಸಾಂದ್ರತೆ ಸುಮಾರು ಶೇ 7 ಕಡಿಮೆ. ಗಾಳಿ ಕಡಿಮೆ ಅಂದರೆ ಶಕ್ತಿಯೂ ಕಡಿಮೆ. ಶಕ್ತಿ ಜಾಸ್ತಿ ಮಾಡಿಸೋಕೆ ದುಡ್ಡು ಕೊಟ್ಟು ಕಡಿಮೆ ಮಾಡಿಸಿಕೊಂಡು ಬಂದಿದ್ದೆ.

ಫೋನ್ ಮಾಡಿದೆ. ಉತ್ತರ: "ಇಸಿಯು ಹೊಸ ಸೆಟಪ್ ಕಲಿಯಬೇಕು ಸರ್, ಒಂದು 500 ಕಿಲೋಮೀಟರ್ ಓಡಿಸಿ." ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಓಡಿಸಿದೆ. ಮತ್ತೆ ಫೋನ್ ಮಾಡಿದೆ. "ಹಾಗಾದ್ರೆ ಉದ್ದದ ಪೈಪ್ ಹಾಕಿ ಫಿಲ್ಟರನ್ನ ಬಂಪರ್ ಕೆಳಗೆ ಇಳಿಸೋಣ, ಅದಕ್ಕೆ ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ." ಅಷ್ಟು ಕೆಳಗೆ ಇಟ್ಟರೆ, ರಸ್ತೆಯಲ್ಲಿ ನಿಂತ ನೀರಿಗೆ ಇಳಿದ ತಕ್ಷಣ ಎಂಜಿನ್ ನೀರನ್ನೇ ಎಳೆದುಕೊಳ್ಳಬಹುದು. ಗಾಳಿಯನ್ನ ಅದುಮಬಹುದು, ನೀರನ್ನ ಅದುಮೋಕೆ ಆಗಲ್ಲ, ಕನೆಕ್ಟಿಂಗ್ ರಾಡೇ ಬಾಗಿ ಹೋಗುತ್ತೆ. ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಎಕ್ಸ್‌ಟ್ರಾ ದುಡ್ಡು ಮಾತ್ರ ಹೇಳಿದರು!

ಆಮೇಲೆ ಚೆಕ್ ಎಂಜಿನ್ ಲೈಟ್ ಬಂತು. ಕೋಡ್ ಪಿ0171, ಅಂದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ, ಅದಕ್ಕೆ ಹೋಲಿಸಿದರೆ ಗಾಳಿ ಜಾಸ್ತಿ ಇದೆ ಅಂತ. ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮಾಸ್ ಏರ್ ಫ್ಲೋ ಸೆನ್ಸರ್ ಬಿಚ್ಚಿ ಟಾರ್ಚ್ ಹಿಡಿದು ತೋರಿಸಿದರು. ಕೂದಲಿನಂಥ ತಂತಿ, ಅದರ ಮೇಲೆ ಕೆಂಪಗೆ ಜಿಡ್ಡು, ಜಿಡ್ಡಿಗೆ ಅಂಟಿದ ಧೂಳು. ಫಿಲ್ಟರ್‌ಗೆ ಹಚ್ಚಿದ್ದ ಎಣ್ಣೆ ಹಾರಿ ಬಂದು ಕೂತಿತ್ತು. ಆ ತಂತಿ ಬಿಸಿಯಾಗಿರುತ್ತೆ, ಗಾಳಿ ಅದನ್ನ ಎಷ್ಟು ತಣಿಸುತ್ತೆ ಅನ್ನೋದರ ಮೇಲೆ ಇಸಿಯು ಗಾಳಿಯ ಲೆಕ್ಕ ಹಾಕುತ್ತೆ. ಜಿಡ್ಡು ಕೂತರೆ ಗಾಳಿ ಇರೋದಕ್ಕಿಂತ ಕಡಿಮೆ ಅಂತ ಲೆಕ್ಕ ತಪ್ಪುತ್ತೆ, ಪೆಟ್ರೋಲೂ ಕಡಿಮೆ ಬೀಳುತ್ತೆ. ಇದಕ್ಕೆ ಅಂಗಡಿಯವನ ಉತ್ತರ ಕೇಳಿ: "ನೀವೇ ಎಣ್ಣೆ ಜಾಸ್ತಿ ಹಾಕಿರ್ತೀರಾ ಸರ್." ನಾನು ಆ ಫಿಲ್ಟರ್ ಮುಟ್ಟೇ ಇಲ್ಲ. ಮುಟ್ಟೇ ಇಲ್ಲ!

ಅವತ್ತು ರಾತ್ರಿ ಆ ಗ್ರಾಫ್ ತೆಗೆದು ನೋಡುತ್ತಾ ಕೂತಿದ್ದೆ. ಮೊದಲ ಸಲ ಕೆಳಗಿನ ಅಂಕಿಗಳನ್ನ ಸರಿಯಾಗಿ ಓದಿದೆ. ಎರಡೂ ಗೆರೆ 7200 ಆರ್‌ಪಿಎಂ ತನಕ ಹೋಗಿವೆ. ನನ್ನ ಕಾರು 6500ಕ್ಕೆ ಪೆಟ್ರೋಲ್ ಕಟ್ ಮಾಡುತ್ತೆ, ಅದಕ್ಕಿಂತ ಮೇಲೆ ಹೋಗೋದೇ ಇಲ್ಲ. ಅಂದರೆ ಇದು ನನ್ನ ಕಾರೇ ಅಲ್ಲ. ಯಾವುದೋ ಬೇರೆ ಎಂಜಿನ್. ನನ್ನ ಕಾರನ್ನ ಅವರು ಡೈನೋ ಮೇಲೆ ಹತ್ತಿಸೇ ಇಲ್ಲ. ಆ ಹಾಳೆಯನ್ನ ನಾನು ಎಷ್ಟು ಜನರಿಗೆ ತೋರಿಸಿದ್ದೆ! ಕೈ ತಣ್ಣಗಾಯಿತು. ತುಂಬಾ ಹೊತ್ತು ಹಾಗೇ ಕೂತಿದ್ದೆ.

ಬೆಳಗ್ಗೆ ಅಂಗಡಿಗೇ ಹೋದೆ. ಹಾಳೆ ಮುಂದಿಟ್ಟು 7200 ಮೇಲೆ ಬೆರಳಿಟ್ಟು ಕೇಳಿದೆ, ಇದು ಯಾರ ಕಾರು? ಒಂದು ನಿಮಿಷ ಮಾತಿಲ್ಲ. ಆಮೇಲೆ, "ಅದು ಸ್ಯಾಂಪಲ್ ಸರ್, ನಿಮ್ದೂ ಹಂಗೇ ಬರುತ್ತೆ." ಸ್ಯಾಂಪಲ್ ಅಂತೆ! ನನ್ನ ಗಾಡಿ ನಂಬರ್ ಪೆನ್ನಲ್ಲಿ ಬರೆದು ಲ್ಯಾಮಿನೇಟ್ ಮಾಡಿ ಕೊಟ್ಟಿದ್ದು ಸ್ಯಾಂಪಲ್ ಅಂತೆ. ದುಡ್ಡು ವಾಪಸ್ ಕೇಳಿದರೆ "ಹಾಕಿದ ಮಾಲು ವಾಪಸ್ ಇಲ್ಲ". ನನ್ನ ಹಳೇ ಏರ್ ಬಾಕ್ಸ್ ಕೊಡಿ ಅಂದರೆ "ಅದು ಸ್ಕ್ರ್ಯಾಪ್‌ಗೆ ಹೋಯ್ತು, ನೀವು ಬೇಕು ಅಂತ ಹೇಳಲಿಲ್ಲವಲ್ಲ". ನನ್ನ ಸಾಮಾನು ನನಗೆ ಬೇಕು ಅಂತ ನಾನು ಹೇಳಬೇಕಿತ್ತಾ?

ಕೊನೆಗೆ ಹೊಸ ಏರ್ ಬಾಕ್ಸ್ ಖರೀದಿ ಮಾಡಿ ಹಾಕಿಸಿದೆ. ಸೆನ್ಸರನ್ನ ಅದಕ್ಕೆಂದೇ ಇರುವ ಸ್ಪ್ರೇಯಲ್ಲಿ ತೊಳೆಸಿದೆ. ಲೈಟ್ ಹೋಯಿತು. ಕೋನ್ ಇದ್ದಾಗ ಮೂರನೇ ಗೇರ್‌ನಲ್ಲಿ 40ರಿಂದ 80ಕ್ಕೆ ಹೋಗೋಕೆ 9.3 ಸೆಕೆಂಡ್ ಬೇಕಾಗಿತ್ತು, ಈಗ ಅದೇ ರಸ್ತೆಯಲ್ಲಿ 8.6. ಸದ್ದಿಲ್ಲ, ಆದರೆ ಕಾರು ಓಡುತ್ತೆ.

ಟರ್ಬೊ ಕಾರಿಗೆ ಸರಿಯಾಗಿ ಟ್ಯೂನ್ ಮಾಡಿಸಿ, ಬಿಸಿ ತಾಗದ ಹಾಗೆ ಮುಚ್ಚಿದ ಬಾಕ್ಸ್ ಹಾಕಿದರೆ ಉಪಯೋಗ ಇರಬಹುದು, ಆ ಜಗಳ ನನಗೆ ಬೇಡ. ನಮ್ಮಂಥ ಕಾರಿನವರಿಗೆ ಹೇಳ್ತೀನಿ, ಇದಕ್ಕೆ ದುಡ್ಡು ಹಾಕಬೇಡಿ. ಹಾಕಿಸಲೇಬೇಕು ಅಂದರೆ ಡೈನೋ ಮೇಲೆ ಕಾರು ಹತ್ತಿಸುವಾಗ ಪಕ್ಕದಲ್ಲೇ ನಿಂತಿರಿ. ಎರಡು ಸಲವೂ ಬಾನೆಟ್ ಒಂದೇ ಥರ ಇರಲಿ, ಮುಂಚೆ ಮುಚ್ಚಿ ಆಮೇಲೆ ತೆಗೆದರೆ ಅಲ್ಲೇ ಮೋಸ. ಶೀಟ್ ಮೇಲಿನ ಆರ್‌ಪಿಎಂ ನೋಡಿ. ಹಳೇ ಬಾಕ್ಸನ್ನ ಡಿಕ್ಕಿಯಲ್ಲಿ ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.

ಅವನ ಸ್ಟೇಟಸ್‌ನಲ್ಲಿ ಇವತ್ತು ಒಂದು ಗ್ರಾಫ್ ಇತ್ತು. ದೊಡ್ಡದು ಮಾಡಿ ನೋಡಿದೆ. ಅದೇ ಎರಡು ಗೆರೆ, ಅದೇ 7200. ಆ ಕಾರಿನವರು ಯಾರೋ ಗೊತ್ತಿಲ್ಲ, ಇದನ್ನ ಓದಿದರೆ ನನಗೆ ಮೆಸೇಜ್ ಮಾಡಿ, ನನ್ನ ಹಾಳೆಯ ಫೋಟೊ ಕಳಿಸ್ತೀನಿ.