ಒಂದೇ ಕನ್ನಡಿ, ಎರಡು ಪೀಠ: ಅಂಗಳದ ಟೆಲಿಸ್ಕೋಪಿಗೆ ಯಾವುದು ಒಳ್ಳೆಯದು?

ನನ್ನ ಹತ್ತಿರ ಇರುವುದು ಟೆಲಿಸ್ಕೋಪಿನ ಒಂದೇ ಕನ್ನಡಿ. ಆರು ಇಂಚು ಅಗಲ, 1200 ಮಿ.ಮೀ. ಫೋಕಲ್ ದೂರ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ). ಮೊದಲ ಚಳಿಗಾಲ ಅದು ಪಿವಿಸಿ ಕೊಳವೆಯಲ್ಲಿ, ಜಿಐ ಪೈಪಿನಿಂದ ಮಾಡಿದ, ಆಕಾಶದ ಚಲನೆಯನ್ನು ಹಿಂಬಾಲಿಸುವ ಇಕ್ವೆಟೋರಿಯಲ್ ಮೌಂಟ್ (ಪೀಠ) ಮೇಲೆ ಇತ್ತು. ಆಮೇಲಿನ ಎರಡು ಚಳಿಗಾಲ ಪ್ಲೈವುಡ್ಡಿನ ಚೌಕ ಕೊಳವೆಯಲ್ಲಿ, ಡಾಬ್ಸೋನಿಯನ್ ಎನ್ನುವ ಸರಳ ಪೆಟ್ಟಿಗೆ ಪೀಠದ ಮೇಲೆ. ಜಾಗ ಮಾತ್ರ ಅದೇ. ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಹತ್ತಿರ ನಮ್ಮ ಮನೆ ಅಂಗಳ. ದಕ್ಷಿಣ ಬಿಟ್ಟು ಮೂರು ಕಡೆಯೂ ಅಡಿಕೆ ತೋಟ.

ಕನ್ನಡಿ ನಾನೇ ತಿಕ್ಕಿ ಮಾಡಿದ್ದಲ್ಲ, ಸಿದ್ಧವಾಗಿದ್ದನ್ನು ತಂದೆ. ಈ ಅಳತೆಯ ಕನ್ನಡಿಯ ನಡುವೆ ಇರುವ ಗುಳಿ ಸುಮಾರು 1.2 ಮಿ.ಮೀ. ಅಷ್ಟೇ. ಆದರೆ ಆ ಗುಳಿಯ ಆಕಾರ ಬೆಳಕಿನ ಅಲೆಯುದ್ದಕ್ಕಿಂತಲೂ ಸೂಕ್ಷ್ಮವಾಗಿ ಸರಿಯಿರಬೇಕು. ಅದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ನನಗೆ ಮೊದಲು ಆಕಾಶ ನೋಡಬೇಕಿತ್ತು.

ಇಕ್ವೆಟೋರಿಯಲ್ ಮೌಂಟ್ ಯಾಕೆ ಆರಿಸಿಕೊಂಡೆ ಎಂದರೆ, ಅದರ ಯೋಚನೆಯೇ ಚೆಂದ. ಭೂಮಿ ತಿರುಗುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಜಾರುತ್ತದೆ. 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ ನನ್ನ ಟೆಲಿಸ್ಕೋಪ್ 120 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆಗ ಗ್ರಹ ಎರಡು ನಿಮಿಷದೊಳಗೆ ನೋಟದಿಂದ ಆಚೆ ಹೋಗಿಬಿಡುತ್ತದೆ. ಮೌಂಟಿನ ಒಂದು ಅಚ್ಚನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಟ್ಟರೆ, ಆ ಅಚ್ಚೊಂದನ್ನೇ ಮೆಲ್ಲಗೆ ತಿರುಗಿಸುತ್ತಾ ಹಿಂಬಾಲಿಸಬಹುದು.

ಆದರೆ ಆ ಅಚ್ಚು ಎಷ್ಟು ಓರೆಯಾಗಿರಬೇಕು? ನಾವಿರುವ ಊರಿನ ಅಕ್ಷಾಂಶದಷ್ಟು. ಸಾಗರದಲ್ಲಿ ಅದು ಬರೀ 14 ಡಿಗ್ರಿ. ನಾನು ನೋಡಿದ ಮೌಂಟಿನ ನಕ್ಷೆಗಳೆಲ್ಲ ಯುರೋಪು, ಅಮೆರಿಕದವು. ಅಲ್ಲಿ 40, 50 ಡಿಗ್ರಿ. ನಮ್ಮಲ್ಲಿ ಅಚ್ಚು ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಹಾಗಾಗಿ ಭಾರವೆಲ್ಲ ಸ್ಟ್ಯಾಂಡಿನಿಂದ ಉತ್ತರಕ್ಕೆ ಚಾಚಿಕೊಳ್ಳುತ್ತದೆ. ಎರಡು ಸಲ ಮುಗ್ಗರಿಸುವ ಹಾಗಾಗಿ, ವೆಲ್ಡಿಂಗ್ ಶಾಪಿನಲ್ಲಿ ಉತ್ತರದ ಕಾಲನ್ನು ಉದ್ದ ಮಾಡಿಸಿದೆ. ಇಷ್ಟಾದರೂ ತಿರುಗಿಸುವಾಗ, ಕೊಳವೆಯ ಭಾರ ಸರಿದೂಗಿಸಲು ಹಾಕಿದ ಎದುರುಭಾರದ ತೂಕ ಕಂಬಕ್ಕೆ ತಗಲುತ್ತಿತ್ತು. ಇನ್ನು ಧ್ರುವ ನಕ್ಷತ್ರ ಇರುವುದೂ ಅದೇ 14 ಡಿಗ್ರಿ ಎತ್ತರದಲ್ಲಿ, ಅಂದರೆ ಅಡಿಕೆ ಮರಗಳ ಹಿಂದೆ. ಒಂದು ದಿನವೂ ಕಾಣಲಿಲ್ಲ. ದಿಕ್ಸೂಚಿ ಇಟ್ಟುಕೊಂಡು ಅಂದಾಜಿನಲ್ಲಿ ನಿಲ್ಲಿಸಬೇಕಾಯಿತು.

ಎಲ್ಲಕ್ಕಿಂತ ಬೇಸರ ತಂದದ್ದು ಅಲುಗಾಟ. ಕೊಳವೆಗೆ ಬೆರಳಲ್ಲಿ ಒಮ್ಮೆ ತಟ್ಟಿ ಎಣಿಸುತ್ತಿದ್ದೆ. ನಕ್ಷತ್ರ ನಿಲ್ಲಲು ಆರೇಳು ಸೆಕೆಂಡ್ ಬೇಕಾಗುತ್ತಿತ್ತು. ಫೋಕಸ್ ಮಾಡಲು ಮುಟ್ಟಿದರೆ ಮತ್ತೆ ನಡುಕ. ಪೈಪಿನ ತಿರುಪು (ಥ್ರೆಡ್) ಇರುವ ಜೋಡಣೆಯೇ ಬೇರಿಂಗ್ ಆದರೆ ಇದು ತಪ್ಪದು. ಗ್ರೀಸ್ ಹಚ್ಚಿದರೆ ಸಲೀಸಾಗಿ ತಿರುಗುತ್ತದೆ, ಆದರೆ ಸಡಿಲವೂ ಆಗುತ್ತದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಅಪ್ಪ ನಿಧಾನವಾಗಿ ನೋಡುವವರು. ಅವರು ಶನಿಯ ಬಳೆಯನ್ನು ಹತ್ತು ನಿಮಿಷ ತೃಪ್ತಿಯಾಗಿ ನೋಡಿದ್ದು ಈ ಮೌಂಟಿನಲ್ಲೇ. ಫೋಟೋ ತೆಗೆಯುವ ಆಸೆ ಇದ್ದವರಿಗೂ ಗಟ್ಟಿಯಾದ, ಮೋಟಾರ್ ಇರುವ ಇಕ್ವೆಟೋರಿಯಲ್ಲೇ ಸರಿ.

ಡಾಬ್ಸೋನಿಯನ್ನಿಗೆ ಆ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದವರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠ ಸೇರಿ, ಇಪ್ಪತ್ತಕ್ಕೂ ಜಾಸ್ತಿ ವರ್ಷ ಅಲ್ಲಿ ಸನ್ಯಾಸಿಯಾಗಿದ್ದರು. ಮಠ ಬಿಟ್ಟ ಮೇಲೆ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟು, ಹೋಗಿ ಬರುವವರಿಗೆಲ್ಲ ಆಕಾಶ ತೋರಿಸಿದರು. ಅವರ ಪೀಠ ತೀರಾ ಸರಳ. ಒಂದು ಪೆಟ್ಟಿಗೆ ಅಡ್ಡ ತಿರುಗುತ್ತದೆ, ಅದರೊಳಗೆ ಕೊಳವೆ ಮೇಲೆ ಕೆಳಗೆ ಬಾಗುತ್ತದೆ. ಅಷ್ಟೇ.

ನಮ್ಮೂರ ಆಚಾರಿಗೆ ಚಿತ್ರ ತೋರಿಸಿದಾಗ, "ಇದಕ್ಕೆ ಬೇರಿಂಗೇ ಬೇಡ್ವಾ?" ಎಂದು ಕೇಳಿದರು. ಬೇಡ. ತಳದ ಹಲಗೆಗೆ ಸನ್ಮೈಕಾ, ಅದರಡಿ ಮೂರು ಪ್ಲಾಸ್ಟಿಕ್ ತುಂಡು ಸಾಕು. ಆದರೆ ಯಾವ ಪ್ಲಾಸ್ಟಿಕ್ ಎನ್ನುವುದು ಬಹಳ ಮುಖ್ಯ. ಮೊದಲು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ ಕತ್ತರಿಸಿ ಹಾಕಿದೆ. ತಳ್ಳಿದರೆ ಅಂಟಿಕೊಂಡು ಕೂರುತ್ತಿತ್ತು, ಆಮೇಲೆ ತಟಕ್ಕನೆ ಜಿಗಿಯುತ್ತಿತ್ತು. ಗುರು ಗ್ರಹ ಕಾಣದಂತಾಗುತ್ತಿತ್ತು. ಟೆಫ್ಲಾನ್ ತುಂಡು ಹಾಕಿದ ಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮೂರು ತುಂಡುಗಳೂ ಮೂರು ಕಾಲುಗಳ ನೇರ ಮೇಲೆಯೇ ಇರಲಿ, ಆಗ ಹಲಗೆ ಬಾಗುವುದಿಲ್ಲ. ಅದೇ ಬೆರಳಿನ ಪರೀಕ್ಷೆ ಇಲ್ಲೂ ಮಾಡಿದೆ. ಒಂದು ಸೆಕೆಂಡಿನಲ್ಲಿ ನಕ್ಷತ್ರ ನಿಂತಿತು. ಆ ರಾತ್ರಿ ಗುರುವಿನ ಪಟ್ಟೆಗಳು ಕಂಡಷ್ಟು ಸ್ಪಷ್ಟವಾಗಿ ಹಿಂದಿನ ಇಡೀ ಚಳಿಗಾಲದಲ್ಲಿ ಕಂಡಿರಲಿಲ್ಲ. ಕನ್ನಡಿ ಅದೇ, ಅಲ್ವಾ!

ಇದಕ್ಕೂ ಒಂದು ದೋಷ ಇದೆ. ನೆತ್ತಿಯ ಹತ್ತಿರ ಇರುವುದನ್ನು ಹಿಡಿಯುವುದು ಕಷ್ಟ. ಕೊಳವೆ ನೆಟ್ಟಗೆ ನಿಂತಾಗ ಅಡ್ಡ ತಿರುಗಿಸಲು ಹಿಡಿತವೇ ಸಿಗುವುದಿಲ್ಲ. ನಮಗೆ ಇದು ಜಾಸ್ತಿ ಕಾಡುತ್ತದೆ. ಗುರು ಮಿಥುನ ನಕ್ಷತ್ರಪುಂಜದಲ್ಲಿದ್ದರೆ ನಮ್ಮ ನೆತ್ತಿಯಿಂದ ಎಂಟು ಡಿಗ್ರಿಯಷ್ಟೇ ಆಚೆ ಹಾದುಹೋಗುತ್ತದೆ. ಪೆಟ್ಟಿಗೆಗೆ ಒಂದು ಹಿಡಿ ಜೋಡಿಸಿದೆ, ಸ್ವಲ್ಪ ಅನುಕೂಲವಾಯಿತು. ಇಲ್ಲವಾದರೆ ಎರಡು ಗಂಟೆ ಮೊದಲೋ ಆಮೇಲೋ ನೋಡಿದರೆ ತೊಂದರೆಯೇ ಇಲ್ಲ.

ಕೊಳವೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಪಿವಿಸಿ ಒಳಗೆ ಹೊಳೆಯುತ್ತದೆ, ಕಪ್ಪು ಬಣ್ಣ ಹಚ್ಚಿದರೆ ಪದರ ಪದರವಾಗಿ ಏಳುತ್ತದೆ. ಪ್ಲೈವುಡ್ಡಿಗೆ ಕರಿಹಲಗೆಯ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಚಪ್ಪಟೆ ಗೋಡೆಗೆ ಫೋಕಸರ್ (ಐಪೀಸ್ ಕೂರುವ ಭಾಗ), ಫೈಂಡರ್ (ಗುರಿ ಹಿಡಿಯಲು ನೋಡುವ ಸಣ್ಣ ಸಾಧನ) ಕೂರಿಸುವುದೂ ಸುಲಭ. ಮಲೆನಾಡಿನವರು ಮರೈನ್ ಪ್ಲೈ ತನ್ನಿ, ಅಂಚುಗಳಿಗೆ ವಾರ್ನಿಷ್ ಬಿಡದೆ ಹಚ್ಚಿ. ಮಳೆಗಾಲದಲ್ಲಿ ಕನ್ನಡಿ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.

ಪೈಪ್ ಮೌಂಟ್ ಬಿಚ್ಚಿಟ್ಟಿದ್ದೇನೆ. ಈಗ ಪೆಟ್ಟಿಗೆಯನ್ನು ಇಬ್ಬರು ಎತ್ತಿ ಅಂಗಳಕ್ಕೆ ತಂದರೆ ಐದು ನಿಮಿಷದಲ್ಲಿ ನೋಡಲು ಶುರು. ಏಪ್ರಿಲ್‌ನ ಒಂದು ರಾತ್ರಿ ದಕ್ಷಿಣಕ್ಕೆ ತಿರುಗಿಸಿ ಒಮೆಗಾ ಸೆಂಟಾರಿ ಹಿಡಿದೆ. ಲಕ್ಷಗಟ್ಟಲೆ ನಕ್ಷತ್ರಗಳ ಗುಚ್ಛ ಅದು. ಯುರೋಪಿನ ಹೆಚ್ಚಿನ ಊರುಗಳಲ್ಲಿ ಹುಟ್ಟುವುದೇ ಇಲ್ಲ, ನಮ್ಮಲ್ಲಿ 28 ಡಿಗ್ರಿ ಎತ್ತರಕ್ಕೆ ಬರುತ್ತದೆ. ದೊಡ್ಡಮ್ಮ ಕಣ್ಣಿಟ್ಟು ತುಂಬಾ ಹೊತ್ತು ಸುಮ್ನೆ ಇದ್ದರು. ಆಮೇಲೆ ಹೇಳಿದರು: "ಕರಿ ಬಟ್ಟೆ ಮೇಲೆ ರವೆ ಚೆಲ್ಲಿದ ಹಾಗೆ ಇದ್ಯಲ್ಲೋ ಮಾರಾಯ!"