ರೀಪಾಟ್ ಮಾಡಿದ (ಗಿಡದ ಪಾಟ್, ಮಣ್ಣು ಬದಲಿಸಿದ) ದಿನವೇ ಗೊಬ್ಬರ ಹಾಕಬೇಡಿ

ಬೋನ್ಸಾಯ್‌ಗೆಂದು ಎಳೆ ಗಿಡ ಸಾಕುತ್ತಿರುವವರು ದಯವಿಟ್ಟು ಇದನ್ನು ಓದಿ. 3 ವರ್ಷ ಬೆಳೆಸಿದ ನನ್ನ ಜೂನಿಪರ್ (ಸದಾ ಹಸಿರಾಗಿರುವ, ಸೂಜಿಯಂಥ ಎಲೆಯ ಜಾತಿಯ ಗಿಡ) ಸತ್ತುಹೋಯಿತು. ರೋಗ ಇರಲಿಲ್ಲ, ಹುಳ ಇರಲಿಲ್ಲ. ನನ್ನ ಆತುರವೇ ಅದನ್ನು ಕೊಂದಿತು.

ಕಾಂಡ ಬೇಗ ದಪ್ಪ ಆಗಲಿ ಎಂಬ ಆಸೆ. ಹಳೆ ಮಣ್ಣನ್ನೆಲ್ಲ ತೊಳೆದೆ. ಅರ್ಧಕ್ಕಿಂತ ಜಾಸ್ತಿ ಬೇರು ಕತ್ತರಿಸಿ, ಚಪ್ಪಟೆ ಬೋನ್ಸಾಯ್ ಪಾಟ್‌ನಲ್ಲಿ ಕೂರಿಸಿದೆ. ಅದೇ ದಿನ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ) ಗೊಬ್ಬರವನ್ನು ಪ್ಯಾಕೆಟ್ ಮೇಲಿದ್ದ ಅಳತೆಗಿಂತ ಎರಡರಷ್ಟು ಕಲಸಿ ಸುರಿದೆ. ಪೆಟ್ಟು ತಿಂದ ಗಿಡಕ್ಕೆ ಶಕ್ತಿ ಬೇಕಲ್ವಾ ಅಂದುಕೊಂಡಿದ್ದೆ.

ಈ ಗೊಬ್ಬರ ನೀರಿನಲ್ಲಿ ಕರಗುವ ಲವಣ. ಬೇರಿನ ಸುತ್ತ ಅದು ಹೆಚ್ಚಾದರೆ ಬೇರಿಗೆ ನೀರು ಹೀರಲು ಆಗುವುದಿಲ್ಲ, ತೀರಾ ಹೆಚ್ಚಾದರೆ ಬೇರಿನೊಳಗಿನ ನೀರೇ ಹೊರಗೆ ಹೋಗುತ್ತದೆ. ಆಗ ತಾನೇ ಕತ್ತರಿಸಿದ ಬೇರಿಗೆ ಇದು ಗಾಯದ ಮೇಲೆ ಬರೆ ಎಳೆದ ಹಾಗೆ.

ಜೂನಿಪರ್‌ನ ತೊಂದರೆ ಏನೆಂದರೆ, ಬೇರು ಸತ್ತರೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ನಾನು ಅದನ್ನು ನೋಡಿ ಸಮಾಧಾನವಾಗಿದ್ದೆ. ಬಣ್ಣ ಸ್ವಲ್ಪ ಮಂಕಾದಾಗ ಮತ್ತೊಮ್ಮೆ ಗೊಬ್ಬರ ಕೊಟ್ಟೆ. ಕೊನೆಗೆ ಉಗುರಿನಿಂದ ತೊಗಟೆ ಕೆರೆದು ನೋಡಿದರೆ ಒಳಗೆಲ್ಲ ಕಂದು. ಬೇರು ಹಿಡಿದೆಳೆದರೆ ಸಿಪ್ಪೆ ಕೈಗೇ ಬಂತು. ತುಂಬಾ ಸಂಕಟವಾಯಿತು.

ಪಾಟ್ ಆಯ್ಕೆಯೂ ತಪ್ಪು. ನೀರು ಹಾಕಿದ ಮೇಲೆ ಪಾಟ್‌ನ ತಳದಲ್ಲಿ ಒಂದಿಷ್ಟು ಎತ್ತರ ಮಣ್ಣು ನೆನೆದೇ ಇರುತ್ತದೆ. ಆ ಎತ್ತರ ಮಣ್ಣಿನ ಕಾಳಿನ ಗಾತ್ರವನ್ನು ಅವಲಂಬಿಸಿದೆ, ಪಾಟ್‌ನ ಆಳವನ್ನಲ್ಲ. ಹಾಗಾಗಿ ಚಪ್ಪಟೆ ಪಾಟ್‌ನಲ್ಲಿ ಬಹುಪಾಲು ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ನೀರು ಹಿಡಿದಿಡುವ ಮಣ್ಣಿನ ಸಣ್ಣ ಪುಡಿಯನ್ನು ನಾನು ಜರಡಿ ಹಿಡಿದು ತೆಗೆದೂ ಇರಲಿಲ್ಲ. ಅದೂ ಅಲ್ಲದೆ, ಕಾಂಡ ದಪ್ಪವಾಗಲು ಬೇರು ಹರಡಬೇಕು, ಕೊಂಬೆ ಸ್ವಲ್ಪ ಕಾಲ ಕತ್ತರಿ ಕಾಣದೆ ಉದ್ದ ಬೆಳೆಯಬೇಕು. ಅದಕ್ಕೆ ದೊಡ್ಡ ಪಾಟ್ ಅಥವಾ ನೆಲವೇ ಸರಿ. ಬೋನ್ಸಾಯ್ ಪಾಟ್ ಕಾಂಡ ತಯಾರಾದ ಮೇಲಿನ ಮಾತು.

ಈಗ ರೀಪಾಟ್ ಮಾಡಿದರೆ 4ರಿಂದ 6 ವಾರ ಬರೀ ನೀರು. ಹೊಸ ಚಿಗುರು ಬಂದು ಬೆಳೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಕಾಲು ಭಾಗದ ಅಳತೆಯಲ್ಲಿ ಗೊಬ್ಬರ ಶುರು, ಅದೂ ನೆನೆದ ಮಣ್ಣಿಗೆ. ಮಿಶ್ರಣಕ್ಕೆ 3ರಿಂದ 6 ಮಿ.ಮೀ. ಕಾಳಿನ ಪ್ಯೂಮಿಸ್ (ಹಗುರವಾದ, ರಂಧ್ರಗಳಿರುವ ಜ್ವಾಲಾಮುಖಿ ಕಲ್ಲು) ಬಳಸುತ್ತೇನೆ.

ಈಗಾಗಲೇ ಜಾಸ್ತಿ ಹಾಕಿಬಿಟ್ಟಿದ್ದರೆ ಕಾಯಬೇಡಿ. ಜೂನಿಪರ್‌ಗೆ ಹಾಕಿದ ದಿನವೇ ನನ್ನ ಫೈಕಸ್‌ಗೂ (ಆಲ, ಅರಳಿಯ ಜಾತಿಯ ಗಿಡ) ಗೊಬ್ಬರ ಸುರಿದಿದ್ದೆ. ಎಲೆಯ ತುದಿ ಸುಟ್ಟಂತಾಗಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಬರೀ ನೀರನ್ನು ಮೂರು ನಾಲ್ಕು ಸಲ ಹಾಯಿಸಿ ನೆರಳಿಗಿಟ್ಟೆ. ಅದು ಎಲೆ ಉದುರಿಸಿತು, ಆಮೇಲೆ ಚಿಗುರಿತು.